ಮುದುಕಿಗೆ ಮಾತ್ರ

ಬೀಟ್‌ಗೆಡ್ಡೆಯ ಲಾರಿಗಳು ಗ್ಲೆಂಡೈವ್ ದಾಟುವ ಅಕ್ಟೋಬರಿನಲ್ಲಿ
ನನ್ನ ಅಂಗಡಿಯ ಗಾಜು ದಿನವಿಡೀ ಗುಂಯ್‌ಗುಡುತ್ತದೆ.
ಅಂಥದೊಂದು ಬೆಳಿಗ್ಗೆ ಥೋರಾ ಗಿಲ್ಬರ್ಟ್‌ಸನ್
ಅಡುಗೆಮನೆಯ ಟವೆಲಿನಲ್ಲಿ ಸುತ್ತಿ ತಂದ ವೆಬ್ಲಿಯನ್ನು
ಕೂಸು ಮಲಗಿಸುವ ಹಾಗೆ ಮೇಜಿನ ಮೇಲಿಟ್ಟಳು.
ಪಕ್ಕಕ್ಕೆ ಹೊಸ ಗುಂಡಿನ ಪೆಟ್ಟಿಗೆ,
ಬೆಲೆಚೀಟಿ ಇನ್ನೂ ಹರಿದಿಲ್ಲ.

"ಶನಿವಾರ ಬ್ರಿಟಾಗೆ ಹದಿನೆಂಟು.
ಅಜ್ಜನ ರಿವಾಲ್ವರು ಹಾರಿಸಬೇಕಂತೆ.
ಒಂದಿಷ್ಟು ಎಣ್ಣೆ ಬಿಡು, ವೆಂಡೆಲ್, ಸಾಕು.
ಗುಂಡು ನಾನೇ ತಂದೆ. ಹಾಕಿ ನೋಡಿದೆ,
ಸರಿಯಾಗಿ ಕೂರುತ್ತದೆ."

ಕೂರುತ್ತದೆ.
ಈ ಕಸುಬಿನಲ್ಲಿ ನನಗೆ ಬೆವರಿಳಿಸುವ ಮಾತು ಅದೊಂದೇ.
ಕೂರದ ಗುಂಡಿನಿಂದ ಯಾರ ಬೆರಳೂ ಹೋಗಿಲ್ಲ.

ನಡು ಮಡಚಿ ತೆರೆದು ದೀಪಕ್ಕೆ ಹಿಡಿದೆ.
ಸಿಲಿಂಡರಿನ ಬೆನ್ನು ಹೆರೆದಿದ್ದಾರೆ,
ನಂಬರಿನ ಅಂಕಿಗಳಿಗೆ ಅರ್ಧ ತಲೆಯಿಲ್ಲ.
ಯುದ್ಧ ಮುಗಿದ ಮೇಲೆ ಹಡಗು ಹತ್ತಿ ಬಂದ ಸರಕು;
ಇದರ ಗುಂಡು ಇಲ್ಲಿ ಸಿಗುತ್ತಿರಲಿಲ್ಲ,
ಸಿಗುವ ಗುಂಡಿಗೆ ಸರಿಹೋಗಲೆಂದು
ಯಾವನೋ ವ್ಯಾಪಾರಿ ಇದರ ಮೈಯನ್ನೇ ತುಸು ಕೆತ್ತಿದ.
ಜಾಗ ಹೆಚ್ಚಿತು. ಬಲ ಹೆಚ್ಚಲಿಲ್ಲ.
ಸಾಸಿವೆಯಷ್ಟು ಅಕ್ಷರದಲ್ಲಿ ಒಂದು ಮುದ್ರೆ, ಆರು ಟನ್:
ತನಗೆ ಎಷ್ಟು ತಡೆದೀತೆಂದು
ಹುಟ್ಟಿದೂರಿನಲ್ಲೇ ಹೇಳಿಕೊಂಡಿದೆ ಪಾಪ.
ಈ ಹೊಸ ಪೆಟ್ಟಿಗೆಯದು ಪ್ರತಿಯೊಂದೂ
ಅದಕ್ಕಿಂತ ಹೆಚ್ಚು ಕೇಳುತ್ತದೆ.
ಮೂಗಿಗಿಂತ ಮೂಗುತಿ ಭಾರ.

"ಆರ್ಲೋ ನಲವತ್ತು ವರ್ಷ ಹಾರಿಸಿದ," ಅಂದಳು ಥೋರಾ,
"ಏನೂ ಆಗಲಿಲ್ಲ."
ಯಾವ ಗುಂಡು?
ಒಂದು ಲಾರಿ ಹೋಯಿತು. ಇನ್ನೊಂದು.
"ನೆಲಮಾಳಿಗೆಯಲ್ಲಿ ಕೂತು ಏನೋ ಮಾಡಿಕೊಳ್ಳುತ್ತಿದ್ದ.
ಸೀಸ ಕಾಯಿಸುವ ವಾಸನೆ. ನಾನು ಇಳಿದು ಹೋದವಳಲ್ಲ."

ಮಧ್ಯಾಹ್ನ ಮತ್ತೆ ಬಂದಳು,
ಕೈಯಲ್ಲಿ ತುಕ್ಕು ಹಿಡಿದ ಕಾಫಿ ಡಬ್ಬಿ.
ಅಂಟುಪಟ್ಟಿಯ ಮೇಲೆ ಆರ್ಲೋನ ದಪ್ಪಕ್ಷರ:
ಮುದುಕಿಗೆ ಮಾತ್ರ.

ಅವಳು ಕೂರಲಿಲ್ಲ.
"ಮೂವತ್ತು ವರ್ಷ ಇದು ಮೆಟ್ಟಿಲ ಪಕ್ಕದ ಹಲಗೆಯ ಮೇಲಿತ್ತು, ವೆಂಡೆಲ್.
ಐವತ್ತೂ ಆಗಿರಲಿಲ್ಲ ನನಗೆ, ಇದನ್ನು ಮೊದಲು ಓದಿದಾಗ.
ಕೇಳಲಿಲ್ಲ. ಮುಚ್ಚಳಕ್ಕೆ ಕೈಯನ್ನೂ ಹಚ್ಚಲಿಲ್ಲ.
ಒಂದು ವಾರ ಅವನ ಕಾಫಿಗೆ ಸಕ್ಕರೆ ಹಾಕಲಿಲ್ಲ,
ಅವನಿಗೆ ಗೊತ್ತೇ ಆಗಲಿಲ್ಲ."

ಒಳಗೆ ಅರ್ಧಚಂದ್ರದ ತಗಡುಗಳಲ್ಲಿ ಮೂರು ಮೂರಾಗಿ ಗುಂಡು,
ಹಿತ್ತಾಳೆಗೆ ಹಸಿರು, ಸೀಸಕ್ಕೆ ಬಿಳಿ ಬೂಸಲು.
ತಳದಲ್ಲಿ ಮಡಿಸಿದ ಚೀಟಿ. ಒಂದು ತೂಕ,
ಕೆಳಗೆ ಎರಡು ಗೆರೆ: ಇದಕ್ಕಿಂತ ಹೆಚ್ಚು ಬೇಡ.
ಲೈಲ್ ಹೇಳಿದರೂ ಕೇಳಬೇಡ.
(ತೂಕ ಎಷ್ಟೆಂದು ನಾನಿಲ್ಲಿ ಬರೆಯುವುದಿಲ್ಲ.
ಅದು ಆ ಒಂದು ಬಂದೂಕಿನ ಗುಟ್ಟು,
ನಿಮ್ಮದಕ್ಕೆ ಅಲ್ಲ.)

ಮೂರನ್ನು ಬಿಚ್ಚಿ ತಕ್ಕಡಿಗೆ ಸುರಿದೆ.
ಚೀಟಿಯ ತೂಕವೇ. ಚೀಟಿಯ ತೂಕವೇ.
ಮೂರನೆಯದು ಕೂದಲೆಳೆ ಕಡಿಮೆ;
ಅಂದು ಕೈ ನಡುಗಿತ್ತೋ, ಯಾರಾದರೂ ಊಟಕ್ಕೆ ಕರೆದರೋ.

"ಹಾಗಾದರೆ ಶನಿವಾರಕ್ಕೆ ಇವೇ ಸಾಕಲ್ಲ?"
ಇಲ್ಲ ಥೋರಾ. ಇನ್ನೊಬ್ಬರು ತುಂಬಿದ ಗುಂಡು
ಎಷ್ಟು ಪ್ರೀತಿಯದಾದರೂ ಹಾರಿಸಬಾರದು.
ಏನಾದರೂ ಎಡವಟ್ಟಾದರೆ ಕೇಳೋಣವೆಂದರೆ
ತುಂಬಿದವನು ಇಲ್ಲ.
ರಿವಾಲ್ವರು ಇಲ್ಲಿರಲಿ. ಗೋಡೆಗಳಲ್ಲಿ ಬಿರುಕಿದೆಯೋ,
ಕೀಲು ಸಡಿಲವೋ, ಕೊಳವೆಯ ಬಾಯಿ ಎಷ್ಟಗಲವೋ,
ಅಳೆಯಬೇಕು. ಆಮೇಲೆ ಹೊಸದಾಗಿ, ಮೆತ್ತಗೆ,
ನಾನೇ ತುಂಬಿಕೊಡುತ್ತೇನೆ. ತಡೆಯದು ಅನಿಸಿದರೆ
ಅದನ್ನೂ ಹೇಳುತ್ತೇನೆ.
ಶನಿವಾರಕ್ಕೆ ಆಗುವುದಿಲ್ಲ.

ಹೊಸ ಪೆಟ್ಟಿಗೆ ಅವಳೇ ಎತ್ತಿ ಚೀಲಕ್ಕೆ ಹಾಕಿದಳು,
ವಾಪಸು ತಗೊಳ್ಳುವುದಿಲ್ಲವಂತೆ ಅವರು, ಬೈದಳು.
ಬಾಗಿಲವರೆಗೆ ಹೋಗಿ ನಿಂತಳು.

"ಗುಂಡು ನೀನೇ ಇಟ್ಟುಕೋ," ಅಂದಳು.
"ಆ ಡಬ್ಬಿ ಕೊಡು."